ಜಾರ್ಜ್ ಫ್ರೆಡೆರಿಕ್ ಹ್ಯಾಂಡೆಲನ ಚರಿತ್ರೆ

ಯೂರೋಪ್ ಅಮೇರಿಕ ಖಂಡಗಳ ದೊಡ್ಡ ಪಟ್ಟಣಗಳಲ್ಲಿ ಬರೋಕ್ ವಾದ್ಯಮೇಳಗಳೆಂಬ ಸಂಗೀತಗಾರರ ಕೂಟಗಳುಂಟು. ಸುಮಾರು ಕ್ರಿ. ಶ. 1600ರಿಂದ 1750ರ ವರೆಗಿನ ಕಾಲಕ್ಕೆ ಸಂಗೀತ ಬಲ್ಲವರು ಬರೋಕ್ ಕಾಲವೆಂದು ಹೆಸರಿಟ್ಟಿದ್ದಾರೆ. ಆ ಕಾಲದ ಕೃತಿಗಳನ್ನು ಆ ಕಾಲದ ರೀತಿಯಲ್ಲಿಯೇ ನುಡಿಸಬೇಕೆಂಬದು ಈ ಮೇಳದವರ ಉದ್ದೇಶ. ಆದಕಾರಣ ಅವರ ಪಿಟೀಲುಗಳಿಗೆ ಉಕ್ಕಿನ ತಂತಿಯಲ್ಲ, ಕುರಿಯ ಕರುಳಿನಿಂದ ಹೊಸೆದ ತಂತಿಯುಂಟು. ಅವರ ತುತೂರಿಗಳಿಗೆ ಒತ್ತುವ ಗುಂಡಿಗಳಿಲ್ಲ. ವರುಷಕ್ಕೊಮ್ಮೆ ಅವರು ಮುಂದೆ ಬರುವ ತಿಂಗಳುಗಳಲ್ಲಿ ಯಾವ ದಿನ, ಯಾವ ಮಂದಿರದಲ್ಲಿ, ಯಾವ ಕೃತಿಯನ್ನು ಹಾಡಿ ನುಡಿಸುವೆವೆಂದು ಪಟ್ಟಿಮಾಡಿ ಪ್ರಕಟಿಸುತ್ತಾರೆ. ಆ ತಿಂಗಳುಗಳನ್ನು ನಾವು ಗಾನಕಾಲವೆಂದು ಕರೆಯೋಣ. ಒಕ್ಕಲಿಗನು ಮಳೆ ಬೀಳುವದಕ್ಕೆ ಮೊದಲೇ ಬೀಜಗೊಬ್ಬರಗಳಿಗೆ ಹಣ ಹಾಕುವಂತೆ, ಮೇಳದವರೂ ಜನರು ಬರುವದಕ್ಕೆ ಮೊದಲೇ ಮಂದಿರದ ಬಾಡಿಗೆಗೂ ಗಾಯಕರ ಸಂಬಳಕ್ಕೂ ಒಪ್ಪಿಕೊಳ್ಳಬೇಕು. ಜನರು ಬಾರದಿದ್ದರೆ ನಷ್ಟವು ಅವರದೇ.

ಆ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಹ್ಯಾಂಡೆಲನದು. ಕ್ರಿಸ್ತಜಯಂತಿಯ ತಿಂಗಳಿನಲ್ಲಂತೂ ಅವನ ಮೆಸ್ಸೀಯ ಎಂಬ ಕೃತಿಯನ್ನು ಹಾಡದ ದೊಡ್ಡ ಪಟ್ಟಣವು ಆ ದೇಶಗಳಲ್ಲಿ ಅಪರೂಪ. ಹ್ಯಾಂಡೆಲನು ತಾನೇ ಲಂಡನ್ ಪಟ್ಟಣದಲ್ಲಿ ವರುಷ ವರುಷಕ್ಕೂ ಇಂಥ ಗಾನಕಾಲಗಳನ್ನು ಸಿದ್ಧಮಾಡುತ್ತಾ, ಕೆಲವು ಸಾರಿ ಗಳಿಸುತ್ತಾ, ಕೆಲವು ಸಾರಿ ಕಳಕೊಳ್ಳುತ್ತಾ ಬಾಳಿದವನು. ಅವನ ಚರಿತ್ರೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಹ್ಯಾಂಡೆಲನು 1685ನೆಯ ಇಸವಿ ಫೆಬ್ರವರಿ 23ನೆಯ ತಾರೀಖಿನಲ್ಲಿ ಜರ್ಮನಿ ದೇಶದ ಹಾಲೆ ಎಂಬ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆ ಕ್ಷೌರವನ್ನೂ ಶಸ್ತ್ರವೈದ್ಯವನ್ನೂ ಕಲಿತು ಪ್ರಭುಗಳ ಮನೆಯಲ್ಲಿ ಸೇವೆ ಮಾಡುತ್ತಿದ್ದ ಗೌರವಸ್ಥನು. ಮಗನು ಹುಟ್ಟಿದಾಗ ಅವನಿಗೆ ಅರುವತ್ತು ವರುಷ ದಾಟಿದ್ದವು. ತಾಯಿ ಲೂಥರನ ಸಭೆಯ ಬೋಧಕನೊಬ್ಬನ ಮಗಳು. ಮಗನು ನ್ಯಾಯಶಾಸ್ತ್ರವನ್ನು ಓದಿ ವಕೀಲನಾಗಬೇಕೆಂಬದು ತಂದೆಯ ಇಚ್ಛೆ. ಸಂಗೀತವೆಂದರೆ ಹೊಟ್ಟೆಗೆ ಗತಿಯಿಲ್ಲದವರ ಕಸುಬೆಂದು ಅವನು ಎಣಿಸಿ, ಮನೆಯಲ್ಲಿ ವಾದ್ಯವೇ ಇರಬಾರದೆಂದು ಕಟ್ಟುಮಾಡಿದನು. ಆದರೆ ಹುಡುಗನು ಮೆಲ್ಲನೆ ದನಿಕೊಡುವ ಒಂದು ಚಿಕ್ಕ ವಾದ್ಯವನ್ನು ಹೇಗೋ ಅಟ್ಟದ ಮೇಲಕ್ಕೆ ಸಾಗಿಸಿಕೊಂಡು, ಎಲ್ಲರೂ ಮಲಗಿದ ಮೇಲೆ ಅಲ್ಲಿ ಕುಳಿತು ಬಾರಿಸಿ ಕಲಿತನೆಂದು, ಅವನು ಸತ್ತ ಮರುವರುಷ ಪ್ರಕಟವಾದ ಚರಿತ್ರೆಯಲ್ಲಿ ಬರೆದಿದೆ.

ಒಂದು ಸಾರಿ ತಂದೆಯು ವೈಸೆನ್‌ಫೆಲ್ಸ್ ಎಂಬ ಊರಿನ ಪ್ರಭುವಿನ ಅರಮನೆಗೆ ಹೋಗುವಾಗ ಹುಡುಗನೂ ಹಟಹಿಡಿದು ಸಂಗಡ ಹೋದನು. ಅಲ್ಲಿಯ ದೇವಾಲಯದಲ್ಲಿ ಆರಾಧನೆ ಮುಗಿದ ಮೇಲೆ ಅವನು ಆರ್ಗನ್ ಬಾರಿಸಿದ್ದನ್ನು ಪ್ರಭುವು ಕೇಳಿ ಬೆರಗಾಗಿ, ಇಂಥ ಮಗುವಿನ ವರವನ್ನು ಅದುಮಿಡುವದು ತಪ್ಪೆಂದು ತಂದೆಗೆ ಬುದ್ಧಿಹೇಳಿದನು. ಹೀಗೆ ಅವನು ಹಾಲೆಯ ದೊಡ್ಡ ದೇವಾಲಯದಲ್ಲಿ ಆರ್ಗನ್ ಬಾರಿಸುತ್ತಿದ್ದ ತ್ಸಾಖೌ ಎಂಬವನ ಶಿಷ್ಯನಾದನು. ಹನ್ನೆರಡು ವರುಷ ತುಂಬುವದಕ್ಕೆ ಮೊದಲೇ ತಂದೆ ತೀರಿಕೊಂಡನು. ಅವನ ಮಾತನ್ನು ಗೌರವಿಸಿಯೋ ಏನೋ, ಮಗನು 1702ರಲ್ಲಿ ಹಾಲೆಯ ವಿದ್ಯಾಪೀಠವನ್ನು ಸೇರಿದನು. ಅದೇ ವರುಷ ಒಂದು ದೇವಾಲಯದ ಆರ್ಗನ್ ಕೆಲಸವೂ ದೊರೆಯಿತು. ಆದರೆ ಒಂದು ವರುಷದೊಳಗೆ ಎರಡನ್ನೂ ಬಿಟ್ಟು ಹ್ಯಾಂಬರ್ಗ್ ಪಟ್ಟಣಕ್ಕೆ ಹೋಗಿ ಗಾನನಾಟಕಶಾಲೆಯಲ್ಲಿ ಪಿಟೀಲುಗಾರನಾದನು.

ಅವನ ಸ್ವಭಾವವು ಬೇಗನೆ ಉರಿದೇಳುವಂಥದು. 1704ರ ದಶೆಂಬರದಲ್ಲಿ ಒಂದು ರಾತ್ರಿ, ವಾದ್ಯದ ಮುಂದೆ ಯಾರು ಕುಳಿತಿರಬೇಕೆಂಬ ವಿಷಯದಲ್ಲಿ ಅವನಿಗೂ ಅವನ ಸ್ನೇಹಿತನಾದ ಮ್ಯಾಥೆಸನ್ನನಿಗೂ ಜಗಳ ಹತ್ತಿ, ಇಬ್ಬರೂ ನಾಟಕಶಾಲೆಯ ಹೊರಗೆ ಕತ್ತಿ ಹಿರಿದು ಹೋರಾಡಿದರು. ಸ್ನೇಹಿತನ ಕತ್ತಿಯು ಹ್ಯಾಂಡೆಲನ ಅಂಗಿಯ ದೊಡ್ಡ ಗುಂಡಿಗೆ ತಾಗಿ ಮುರಿಯಿತು. ಇಲ್ಲವಾದರೆ ಈ ಚರಿತ್ರೆಯು ಇಲ್ಲಿಗೇ ಮುಗಿಯುತ್ತಿತ್ತು. ಆ ತಿಂಗಳು ಕಳೆಯುವದರೊಳಗೆ ಇಬ್ಬರೂ ಸಮಾಧಾನವಾಗಿ ಒಂದೇ ಪಂಕ್ತಿಯಲ್ಲಿ ಉಂಡರು.

1706ರಿಂದ 1710ರ ವರೆಗೆ ಅವನು ಇಟಲಿ ದೇಶದಲ್ಲಿದ್ದು ಅಲ್ಲಿಯ ಗಾನಕ್ರಮವನ್ನು ಕಲಿತನು. ಆ ಮೇಲೆ ಲಂಡನಿಗೆ ಬಂದು, 1711ರಲ್ಲಿ ರಿನಾಲ್ಡೊ ಎಂಬ ಗಾನನಾಟಕದಿಂದ ಒಂದೇ ಸಾರಿಗೆ ಹೆಸರುವಾಸಿಯಾದನು. 1717ನೆಯ ಇಸವಿ ಜುಲೈ 17ನೆಯ ತಾರೀಖಿನಲ್ಲಿ ಒಂದನೆಯ ಜಾರ್ಜ್ ಅರಸನು ಥೇಮ್ಸ್ ನದಿಯಲ್ಲಿ ದೋಣಿಯಾತ್ರೆ ಮಾಡಿದಾಗ, ಸುಮಾರು 50 ಮಂದಿ ವಾದ್ಯಗಾರರು ಬೇರೊಂದು ದೋಣಿಯಲ್ಲಿ ಕುಳಿತು ಹ್ಯಾಂಡೆಲನ ಜಲಸಂಗೀತವನ್ನು ನುಡಿಸಿದರು; ಅರಸನು ಮೆಚ್ಚಿ ಅದನ್ನು ಮೂರು ಸಾರಿ ನುಡಿಸುವಂತೆ ಮಾಡಿದನು. 1727ರಲ್ಲಿ ಹ್ಯಾಂಡೆಲನು ಇಂಗ್ಲೆಂಡಿನ ಪ್ರಜೆಯಾದನು. ಅದೇ ವರುಷ ಎರಡನೆಯ ಜಾರ್ಜ್ ಅರಸನ ಪಟ್ಟಾಭಿಷೇಕಕ್ಕಾಗಿ ಅವನು ರಚಿಸಿದ, ಯಾಜಕನಾದ ಚಾದೋಕನ ವಿಷಯವಾದ ಗೀತವು ಆ ಮೇಲೆ ಆ ದೇಶದ ಪ್ರತಿಯೊಂದು ಪಟ್ಟಾಭಿಷೇಕದಲ್ಲಿಯೂ, 1953ರಲ್ಲಿಯೂ 2023ರಲ್ಲಿಯೂ, ಹಾಡಲ್ಪಟ್ಟಿದೆ.

ಇಷ್ಟು ಮಾನವಿದ್ದಾಗ್ಯೂ ಅವನ ಜೀವನವು ಸುಖದ ಹಾದಿಯಲ್ಲಿ ನಡೆಯಲಿಲ್ಲ. ಇಟಲಿ ಭಾಷೆಯ ಗಾನನಾಟಕಗಳಿಗೆ ಬಹಳ ಖರ್ಚು. ಹೊರದೇಶದ ಗಾಯಕರು ಅಪಾರ ಸಂಬಳ ಕೇಳುವರು. ಗಾಯಕಿಯರು ಒಬ್ಬರನ್ನೊಬ್ಬರು ಸಹಿಸರು. ಶ್ರೀಮಂತರು ಗಾನಕಾಲಕ್ಕೆ ಮುಂಚೆಯೇ ಚಂದಾಹಣ ಕೊಟ್ಟು ತಮ್ಮ ಸ್ಥಳಗಳನ್ನು ಹಿಡಿಯುವರು. ಅವರ ಮನಸ್ಸು ತಿರುಗಿದರೆ ಮಂದಿರವು ಬರಿದಾಗುವದು. 1733ರಲ್ಲಿ ಕೆಲವು ಪ್ರಭುಗಳು ಹ್ಯಾಂಡೆಲನಿಗೆ ಎದುರಾಗಿ ಬೇರೊಂದು ಮೇಳವನ್ನು ಎಬ್ಬಿಸಿ ಅವನ ಗಾಯಕರನ್ನು ಸೆಳೆದುಕೊಂಡರು. ಒಂದೇ ಪಟ್ಟಣದಲ್ಲಿ ಎರಡು ಮೇಳಗಳಿಗೆ ಸಾಲುವಷ್ಟು ಕೇಳುವವರಿರಲಿಲ್ಲ. ನಾಲ್ಕು ವರುಷ ಇಬ್ಬರೂ ಹಣ ಸುರಿದು, 1737ರಲ್ಲಿ ಇಬ್ಬರೂ ಸೋತರು. ಹ್ಯಾಂಡೆಲನು ದಿವಾಳಿಯೆದ್ದನೆಂದು ಕೆಲವು ಹಳೆಯ ಪುಸ್ತಕಗಳು ಹೇಳುತ್ತವೆ, ಅದು ಸರಿಯಲ್ಲ. ಆದರೆ ಕೂಡಿಟ್ಟದ್ದರಲ್ಲಿ ಬಹಳವನ್ನು ಕಳಕೊಂಡದ್ದು ನಿಜ.

ಹಣದ ಸಂಗಡ ಶರೀರವೂ ಸೋತಿತು. ಅದೇ ವರುಷ ಅವನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ವಾದ್ಯಗಾರನಿಗೆ ಕೈ ಹೋಗುವದೆಂದರೆ ಒಕ್ಕಲಿಗನಿಗೆ ಎತ್ತೂ ಹೊಲವೂ ಒಂದೇ ದಿನ ಹೋದಂತೆಯೇ. ಅವನು ಜರ್ಮನಿಯ ಆಖೆನ್ ಎಂಬ ಊರಿನ ಬಿಸಿನೀರ ಬುಗ್ಗೆಗಳಿಗೆ ಹೋಗಿ, ವೈದ್ಯರು ಹೇಳಿದ್ದಕ್ಕಿಂತ ಬಹಳ ಹೊತ್ತು ಅದರಲ್ಲಿ ಕುಳಿತಿರುತ್ತಿದ್ದನು. ಒಂದು ದಿನ ನೀರಿನಿಂದೆದ್ದು ನೆಟ್ಟಗೆ ದೇವಾಲಯಕ್ಕೆ ಹೋಗಿ ಆರ್ಗನ್ ಬಾರಿಸಲು, ಅಲ್ಲಿಯ ಸನ್ಯಾಸಿನಿಯರು ಅದನ್ನು ಅದ್ಭುತವೆಂದು ತಿಳಿದರಂತೆ. ಚಳಿಗಾಲಕ್ಕೆ ಅವನು ಲಂಡನಿಗೆ ತಿರಿಗಿ ಬಂದು ಮುಂದಿನ ಗಾನಕಾಲಕ್ಕೆ ಬರೆಯತೊಡಗಿದನು.

ಆ ದಿನಗಳಲ್ಲಿ ಅವನ ಮೇಳದ ಒಬ್ಬ ಓಬೊ ವಾದ್ಯಗಾರನು ಬಡತನದಲ್ಲಿ ಸತ್ತು, ಅವನ ಅನಾಥ ಗಂಡುಮಕ್ಕಳಿಬ್ಬರು ಲಂಡನಿನ ಬೀದಿಯಲ್ಲಿ ಹಾಲಿನ ಕತ್ತೆಗಳನ್ನು ಹೊಡೆದುಕೊಂಡು ಹೋಗುವದನ್ನು ಕೆಲವು ಸಂಗೀತಗಾರರು ಕಂಡು ಎದೆ ಮುರಿದವರಾದರೆಂದು ಹೇಳುತ್ತಾರೆ. 1738ರಲ್ಲಿ ಅವರೆಲ್ಲರೂ ಸೇರಿ, ಕಸುವು ಕುಂದಿದ ಸಂಗೀತಗಾರರಿಗೂ ಅವರ ವಿಧವೆಯರಿಗೂ ಮಕ್ಕಳಿಗೂ ಸಹಾಯಮಾಡುವದಕ್ಕೆ ಒಂದು ನಿಧಿಯನ್ನು ಏರ್ಪಡಿಸಿದರು. ಸ್ಥಾಪಕರಲ್ಲಿ ಹ್ಯಾಂಡೆಲನೂ ಒಬ್ಬನು. ಸ್ವಂತ ನಷ್ಟದ ಮರುವರುಷವೇ ಅವನು ಇದಕ್ಕೆ ಕೈಹಾಕಿದನೆಂಬದನ್ನು ವಾಚಕರು ನೆನಪಿನಲ್ಲಿಡಲಿ.

ಗಾನನಾಟಕಗಳು ಕೈಕೊಟ್ಟದ್ದರಿಂದ ಅವನು ಒರಟೋರಿಯೊ ಎಂಬ ಬೇರೆ ರೀತಿಗೆ ತಿರುಗಿದನು. ಒರಟೋರಿಯೊ ಎಂದರೆ, ವೇಷವಿಲ್ಲದೆ ಅಭಿನಯವಿಲ್ಲದೆ, ಬಹುಮಟ್ಟಿಗೆ ಸತ್ಯವೇದದ ಚರಿತ್ರೆಯೊಂದನ್ನು ಗಾಯಕರೂ ಗಾಯನಮಂಡಲಿಯೂ ವಾದ್ಯಮೇಳದೊಂದಿಗೆ ಹಾಡುವದು. ಸೌಲನ ಚರಿತ್ರೆಯನ್ನೂ ಐಗುಪ್ತದಲ್ಲಿದ್ದ ಇಸ್ರಾಯೇಲ್ಯರ ಚರಿತ್ರೆಯನ್ನೂ ಅವನು ಹೀಗೆ ರಚಿಸಿ 1739ರಲ್ಲಿ ಹಾಡಿಸಿದನು. ಆದರೂ ಜನರು ಬೇಕಾದಷ್ಟು ಬರಲಿಲ್ಲ. 1741ರಲ್ಲಿ ಅವನ ಕಡೆಯ ಗಾನನಾಟಕವು ಮೂರೇ ರಾತ್ರಿ ನಡೆದು ನಿಂತುಹೋಯಿತು. ಹ್ಯಾಂಡೆಲನ ಕಾಲ ಮುಗಿಯಿತೆಂದೂ ಅವನು ಇಂಗ್ಲೆಂಡನ್ನು ಬಿಟ್ಟುಹೋಗುವನೆಂದೂ ಪಟ್ಟಣದಲ್ಲಿ ಮಾತಾಡಿಕೊಂಡರು.

ಆಗ ಚಾರ್ಲ್ಸ್ ಜೆನ್ನೆನ್ಸ್ ಎಂಬ ಶ್ರೀಮಂತನು ಸತ್ಯವೇದದ ವಚನಗಳನ್ನೇ ಆರಿಸಿ ಪೋಣಿಸಿ, ಪ್ರವಾದಿಗಳ ವಾಗ್ದಾನದಿಂದ ಹಿಡಿದು ಕ್ರಿಸ್ತನ ಜನನ, ಶ್ರಮೆ, ಪುನರುತ್ಥಾನಗಳ ವರೆಗೂ ಸತ್ತವರು ಏಳುವ ನಿರೀಕ್ಷೆಯ ವರೆಗೂ ಹೋಗುವ ಒಂದು ಮಾಲೆಯನ್ನು ಅವನಿಗೆ ಕೊಟ್ಟನು. ಹ್ಯಾಂಡೆಲನು ಅದನ್ನು ತನ್ನ ಬ್ರೂಕ್ ಬೀದಿಯ ಮನೆಯಲ್ಲಿ 1741ನೆಯ ಇಸವಿ ಅಗೋಸ್ತು 22ರಲ್ಲಿ ಹಿಡಿದು ಸೆಪ್ಟೆಂಬರ್ 14ರಲ್ಲಿ, ಅಂದರೆ 24 ದಿನಗಳಲ್ಲಿ, ಮುಗಿಸಿದನು. ಇದೇ ಮೆಸ್ಸೀಯ. ಆ ದಿನಗಳಲ್ಲಿ ಅವನು ಅನ್ನನೀರು ಬಿಟ್ಟನೆಂದೂ ದರ್ಶನಗಳನ್ನು ಕಂಡನೆಂದೂ ಬಹಳ ಕಾಲದ ಮೇಲೆ ಕಥೆಗಳು ಹುಟ್ಟಿದವು. ನಾವು ಅವುಗಳನ್ನು ಆಧಾರಮಾಡಿಕೊಳ್ಳುವದಿಲ್ಲ. ಅವನ ಸ್ವಹಸ್ತದ ಪ್ರತಿಯು ಲಂಡನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಉಳಿದಿದೆ. ಅದರ 259 ಪುಟಗಳಲ್ಲಿ ಕಾಣುವದು ಮಸಿಯ ಕಲೆಗಳು, ಹೊಡೆದುಹಾಕಿದ ಸಾಲುಗಳು, ಅವಸರದಿಂದ ದುಡಿಯುವ ಕೂಲಿಯಾಳಿನ ಕೈ. ಮುಗಿಸಿದ ಕೆಲವೇ ದಿನಗಳಲ್ಲಿ ಅವನು ಸಂಸೋನನ ವಿಷಯವಾದ ಇನ್ನೊಂದು ಕೃತಿಗೆ ಕೂತನು. ಬರುವ ಗಾನಕಾಲಕ್ಕೆ ಸರಕು ಬೇಕಾಗಿತ್ತು.

ಆ ಗಾನಕಾಲವು ಲಂಡನಿನಲ್ಲಿ ಅಲ್ಲ, ಐರ್ಲೆಂಡ್ ದ್ವೀಪದ ಡಬ್ಲಿನ್ ಪಟ್ಟಣದಲ್ಲಿ ನಡೆಯಬೇಕಾಗಿತ್ತು. ಅಲ್ಲಿಯ ರಾಜಪ್ರತಿನಿಧಿಯು ಅವನನ್ನು ಕರೆದಿದ್ದನು. ನವೆಂಬರದಲ್ಲಿ ಹೊರಟು, ಎದುರುಗಾಳಿಯಿಂದ ಚೆಸ್ಟರ್ ಪಟ್ಟಣದಲ್ಲಿ ಕೆಲವು ದಿನ ತಡೆದು, 18ನೆಯ ತಾರೀಖಿನಲ್ಲಿ ಅವನು ಡಬ್ಲಿನಿಗೆ ಬಂದು ಮುಟ್ಟಿದನು. ಫಿಶಾಂಬಲ್ ಬೀದಿಯಲ್ಲಿ ಕಟ್ಟಿದ್ದ ಹೊಸ ಸಂಗೀತಮಂದಿರದಲ್ಲಿ ಆರು ಗಾನಸಭೆಗಳಿಗೆ ಚಂದಾ ತೆರೆಯಲು, ಸ್ಥಳಗಳೆಲ್ಲವೂ ತುಂಬಿದವು. ದಶೆಂಬರ್ 23ರಲ್ಲಿ ಮೊದಲನೆಯದು ನಡೆಯಿತು. ಅವು ಮುಗಿದ ಮೇಲೆ ಜನರ ಬಿನ್ನಹದಂತೆ ಇನ್ನೂ ಆರು ನಡೆದವು. ಲಂಡನಿನಲ್ಲಿ ಬರಿದಾದ ಬೆಂಚುಗಳನ್ನು ಕಂಡವನಿಗೆ ಇದು ಬರಗಾಲದ ಮೇಲಿನ ಮಳೆಯಾಗಿತ್ತು.

ಆದರೆ ಮೆಸ್ಸೀಯವನ್ನು ಅವನು ಈ ಹನ್ನೆರಡು ಸಭೆಗಳಲ್ಲಿ ಹಾಡಿಸಲಿಲ್ಲ. ಅದರ ಮೊದಲನೆಯ ಫಲವನ್ನು ಧರ್ಮಕಾರ್ಯಕ್ಕೆ ಕೊಡುವದೆಂದು ನಿಶ್ಚಯವಾಯಿತು. 1742ನೆಯ ಇಸವಿ ಏಪ್ರಿಲ್ 13ನೆಯ ತಾರೀಖು ಮಂಗಳವಾರ ಮಧ್ಯಾಹ್ನ ಅದು ಮೊದಲನೆಯ ಸಾರಿ ಹಾಡಲ್ಪಟ್ಟಿತು. ಸ್ಥಳವು ಸಾಲದೆಂದು, ಸ್ತ್ರೀಯರು ಬಳೆಕಟ್ಟಿನ ಅಗಲವಾದ ಲಂಗಗಳನ್ನು ತೊಡದೆ ಬರಬೇಕೆಂದೂ ಗಂಡಸರು ಕತ್ತಿ ಕಟ್ಟದೆ ಬರಬೇಕೆಂದೂ ಮುಂಚಿತವಾಗಿ ವರ್ತಮಾನಪತ್ರದಲ್ಲಿ ಕೇಳಿಕೊಂಡಿದ್ದರು. ಹೀಗೆ 600 ಮಂದಿ ಹಿಡಿಯುವ ಮಂದಿರದಲ್ಲಿ ಸುಮಾರು 700 ಮಂದಿ ಕೂತರು. ಪಟ್ಟಣದ ಎರಡು ಮಹಾದೇವಾಲಯಗಳ ಗಾಯಕರು ಮಂಡಲಿಯಾಗಿ ಹಾಡಿದರು. ಕುಟುಂಬದ ವ್ಯಾಜ್ಯವೊಂದರಿಂದ ಲಂಡನಿನಲ್ಲಿ ಹೆಸರು ಕೆಟ್ಟಿದ್ದ ಸುಸಾನ್ನಾ ಸಿಬರ್ ಎಂಬ ನಟಿಯು ಕ್ರಿಸ್ತನ ಶ್ರಮೆಯ ಭಾಗವನ್ನು ಹಾಡಲು, ಒಬ್ಬ ಬೋಧಕನು ಮನಕರಗಿ ಎದ್ದುನಿಂತು, ಇದಕ್ಕಾಗಿ ಅವಳ ಪಾಪಗಳೆಲ್ಲಾ ಕ್ಷಮಿಸಲ್ಪಡಲೆಂದು ಕೂಗಿದನೆಂದು ಹೇಳುತ್ತಾರೆ.

ಆ ದಿನ ಕೂಡಿದ ಹಣವು ಸುಮಾರು 400 ಪೌಂಡು. ಹ್ಯಾಂಡೆಲನೂ ಮುಖ್ಯ ಗಾಯಕರೂ ಮೇಳದ ಮುಖ್ಯಸ್ಥನೂ ತಮ್ಮ ಪಾಲನ್ನು ತಕ್ಕೊಳ್ಳಲಿಲ್ಲ. ಎರಡು ಪಾಲುಗಳು ಬಡವರ ಎರಡು ಆಸ್ಪತ್ರೆಗಳಿಗೆ ಹೋದವು. ಮೂರನೆಯದು ಸಾಲದ ನಿಮಿತ್ತ ಸೆರೆಮನೆಯಲ್ಲಿದ್ದವರ ಬಿಡುಗಡೆಗೆ ಹೋಯಿತು. ಸಾಲವೆಂದರೇನೆಂದು ನಮ್ಮ ಹಳ್ಳಿಗಳವರಿಗೆ ಯಾರೂ ಕಲಿಸಬೇಕಾದದ್ದಿಲ್ಲ. ಆ ಕಾಲದಲ್ಲಿ ಆ ದೇಶಗಳಲ್ಲಿ ಸಾಲ ತೀರಿಸಲಾರದವನನ್ನು ಸೆರೆಗೆ ಹಾಕುತ್ತಿದ್ದರು. ಒಳಗೆ ಇರುವವನು ದುಡಿಯಲಾರನು, ದುಡಿಯದವನು ತೀರಿಸಲಾರನು; ಮೇಲಾಗಿ ಸೆರೆಮನೆಯಲ್ಲಿದ್ದದ್ದಕ್ಕೂ ಅವನೇ ಹಣ ತೆರಬೇಕು. ಅಲ್ಪವಾದ ಸಾಲಕ್ಕೆ ವರುಷಗಟ್ಟಲೆ ಕೊಳೆತವರುಂಟು. ಅಂಥವರಲ್ಲಿ 142 ಮಂದಿಯ ಸಾಲವು ಆ ಒಂದು ಮಧ್ಯಾಹ್ನದ ಹಾಡಿನಿಂದ ತೀರಿ ಅವರು ಮನೆಗೆ ಹೋದರೆಂದು ದಾಖಲೆಯಿದೆ. ಅವರಲ್ಲಿ ಯಾರೂ ಆ ಹಾಡನ್ನು ಕೇಳಿದವರಲ್ಲ.

ಜೂನ್ 3ರಲ್ಲಿ ಅದೇ ಕೃತಿಯನ್ನು ಇನ್ನೊಮ್ಮೆ ಹಾಡಿಸಿದರು. ಸೆಕೆಗೆಂದು ಪ್ರತಿಯೊಂದು ಕಿಟಕಿಯ ಮೇಲ್ಗಡೆಯ ಒಂದೊಂದು ಗಾಜನ್ನು ತೆಗೆಯಿಸಿದ್ದರು. ಅಗೋಸ್ತಿನಲ್ಲಿ ಹ್ಯಾಂಡೆಲನು ಲಂಡನಿಗೆ ಹಿಂತಿರುಗಿದನು. 1743ರಲ್ಲಿ ಅಲ್ಲಿ ಮೆಸ್ಸೀಯವನ್ನು ಹಾಡಿಸಲು, ಪವಿತ್ರ ವಚನಗಳನ್ನು ನಾಟಕಶಾಲೆಯಲ್ಲಿ ನಟಿಯರ ಬಾಯಿಂದ ಹಾಡಿಸುವದು ತರವೇ ಎಂದು ಅನೇಕರು ಬೇಸರಗೊಂಡರು. ಕೆಲವು ವರುಷ ಅದು ಲಂಡನಿನಲ್ಲಿ ನೆಲೆಗೊಳ್ಳಲಿಲ್ಲ. ಅವನಿಗೆ ಮತ್ತೊಮ್ಮೆ ರೋಗವೂ ತಗಲಿತು, 1745ರಲ್ಲಿ ಮತ್ತೊಮ್ಮೆ ನಷ್ಟವೂ ಆಯಿತು. ಕಡೆಗೆ 1747ರಲ್ಲಿ ಅವನು ಚಂದಾ ಪದ್ಧತಿಯನ್ನೇ ಬಿಟ್ಟು, ಆಯಾ ದಿನ ಹಣ ಕೊಟ್ಟು ಬಂದವರಿಗೆ ಬಾಗಿಲನ್ನು ತೆರೆದನು. ಪ್ರಭುಗಳ ಮರ್ಜಿಗೆ ಕಾದುನಿಂತಿದ್ದವನನ್ನು ಈಗ ನಡುತರಗತಿಯ ಜನರು ಬಂದು ಎತ್ತಿಹಿಡಿದರು. ಅಂದಿನಿಂದ ಈಸ್ಟರ್ ಹಬ್ಬದ ಮುಂಚಿನ ಲೆಂಟ್ ದಿನಗಳು ಅವನ ಗಾನಕಾಲವಾಗಿ ನಿಂತವು.

ಆ ದಿನಗಳ ಲಂಡನಿನಲ್ಲಿ ಬಡ ತಾಯಂದಿರು ಸಾಕಲಾರದೆ ಕೂಸುಗಳನ್ನು ಬೀದಿಯಲ್ಲಿ ಬಿಟ್ಟುಹೋಗುತ್ತಿದ್ದರು. ಥಾಮಸ್ ಕೋರಮ್ ಎಂಬ ಮುದಿ ಹಡಗಿನ ಕಪ್ತಾನನು ಇದನ್ನು ಕಂಡು ತಾಳಲಾರದೆ, ಹದಿನೇಳು ವರುಷ ಮನೆಯಿಂದ ಮನೆಗೆ ಅಲೆದು, 1739ರಲ್ಲಿ ಅರಸನಿಂದ ಸನ್ನದು ಪಡೆದು, ಅಂಥ ಕೂಸುಗಳಿಗೆ ಒಂದು ಆಶ್ರಮವನ್ನು ಸ್ಥಾಪಿಸಿದನು. 1749ರಲ್ಲಿ ಹ್ಯಾಂಡೆಲನು ಅಲ್ಲಿಯ ಪ್ರಾರ್ಥನಾಲಯವನ್ನು ಕಟ್ಟಿಮುಗಿಸುವದಕ್ಕಾಗಿ ಒಂದು ಗಾನಸಭೆಯನ್ನು ನಡಿಸಿದನು. ಆ ಮೇಲೆ ಒಂದು ಆರ್ಗನನ್ನು ದಾನಮಾಡಿದನು. 1750ನೆಯ ಇಸವಿ ಮೇ 1ರಲ್ಲಿ ಅಲ್ಲಿ ಮೆಸ್ಸೀಯವನ್ನು ಹಾಡಿಸಲು, ಎಷ್ಟೋ ಮಂದಿ ಸ್ಥಳವಿಲ್ಲದೆ ಹಿಂದಕ್ಕೆ ಹೋದರು. ಆದದರಿಂದ ಅದೇ ತಿಂಗಳ 15ರಲ್ಲಿ ಪುನಃ ಹಾಡಿಸಿದರು. ಆ ಮೇಲೆ ಪ್ರತಿವರುಷವೂ ಇದು ನಡೆಯಿತು. ಅವನು ಸತ್ತ ನಂತರವೂ ಮುಂದುವರಿದ ಈ ಸಭೆಗಳಿಂದ ಆಶ್ರಮಕ್ಕೆ ಒಟ್ಟು ಸುಮಾರು 7000 ಪೌಂಡು ಬಂದಿತು. ಲಂಡನಿನವರು ನಾಟಕಶಾಲೆಯಲ್ಲಿ ಒಲ್ಲದ ಕೃತಿಯನ್ನು ಅನಾಥಮಕ್ಕಳ ಮನೆಯಲ್ಲಿ ಪ್ರೀತಿಸಲು ಕಲಿತರು.

1754ರ ಸಭೆಯ ಲೆಕ್ಕಪತ್ರವು ಉಳಿದಿದೆ. ಮೇಳದಲ್ಲಿ 38 ಮಂದಿ: ಪಿಟೀಲಿನವರು 14, ವಿಯೋಲದವರು 6, ಚೆಲ್ಲೊದವರು 3, ದೊಡ್ಡ ಬೇಸಿನವರು 2, ಓಬೊದವರು 4, ಬಸೂನಿನವರು 4, ಕೊಂಬಿನವರು 2, ತುತೂರಿಯವರು 2, ನಗಾರಿಯವನು 1. ಬರೋಕ್ ವಾದ್ಯಮೇಳಗಳವರಿಗೆ ಈ ಕಾಗದವು ಒಂದು ನಿಧಿಯಾಯಿತು. ಯಾಕಂದರೆ ಹ್ಯಾಂಡೆಲನ ಕಿವಿಗೆ ಆ ಕೃತಿಯು ಹೇಗೆ ಕೇಳಿಸಿರಬೇಕೆಂದು ಅವರು ಇದರಿಂದ ತಿಳಿದುಕೊಂಡರು.

ಅವನ ದೋಷಗಳನ್ನು ಮುಚ್ಚಿಟ್ಟರೆ ನಾವು ಚರಿತ್ರೆ ಬರೆದವರಾಗೆವು. ಅವನು ಮುಂಗೋಪಿ, ಊಟದಲ್ಲಿ ಮಿತಿಯಿಲ್ಲದವನು. ಹೇಳಿದಂತೆ ಹಾಡಲೊಲ್ಲದ ಗಾಯಕಿಯೊಬ್ಬಳನ್ನು ಕಿಟಕಿಯಿಂದ ಹೊರಗೆ ಎಸೆಯುವೆನೆಂದು ಬೆದರಿಸಿದನಂತೆ. ಇವಕ್ಕಿಂತ ಭಾರವಾದದ್ದೊಂದು ನಮ್ಮ ಕಾಲದಲ್ಲಿ ಬೆಳಕಿಗೆ ಬಂದಿದೆ. ಆಫ್ರಿಕದ ಜನರನ್ನು ಗುಲಾಮರನ್ನಾಗಿ ಮಾರುತ್ತಿದ್ದ ವರ್ತಕಸಂಘದ ಪಾಲುಗಳ ಲೆಕ್ಕದಲ್ಲಿ 1720ರ ಸುಮಾರಿಗೆ ಅವನ ಹೆಸರೂ ಉಂಟು. ಸಾಲದ ಸೆರೆಯಾಳುಗಳನ್ನು ಬಿಡಿಸಿದವನ ಕೈಗೆ ಬಂದ ಹಣದಲ್ಲಿ ಸಂಕೋಲೆಯ ಹಣವೂ ಸೇರಿತ್ತು. ಆ ಕಾಲದ ಅನೇಕ ಗೌರವಸ್ಥರು ಹಾಗೆಯೇ ಮಾಡಿದರೆಂಬದು ಅದನ್ನು ಹಗುರ ಮಾಡುವದಿಲ್ಲ. ಮನುಷ್ಯನ ಒಂದು ಕೈ ಮಾಡುವ ಧರ್ಮವನ್ನು ನೋಡುವಾಗ ಇನ್ನೊಂದು ಕೈ ಎಲ್ಲಿಂದ ತರುತ್ತದೆಂದು ನೋಡುವದೂ ಅವಶ್ಯ.

1751ರ ಫೆಬ್ರವರಿಯಲ್ಲಿ ಯೆಪ್ತಾಹನ ಚರಿತ್ರೆಯನ್ನು ರಚಿಸುತ್ತಿರುವಾಗ ಅವನ ಎಡಗಣ್ಣು ಮಂಜಾಯಿತು. ಇನ್ನು ಬರೆಯಲಾರೆನೆಂಬ ಅರ್ಥದ ಒಂದು ಸಣ್ಣ ಮಾತನ್ನು ಅವನು ಆ ಪ್ರತಿಯ ಕೆಳಗೇ ಗುರುತುಹಾಕಿದನು; ಅನಂತರ ಹೇಗೋ ಆ ಕೃತಿಯನ್ನು ಮುಗಿಸಿದನು. ಶಸ್ತ್ರವೈದ್ಯದಿಂದಲೂ ಫಲವಾಗಲಿಲ್ಲ, 1753ರೊಳಗೆ ಪೂರ್ಣ ಕುರುಡನಾದನು. ಆದರೂ ಅವನು ಗಾನಕಾಲವನ್ನು ನಿಲ್ಲಿಸಲಿಲ್ಲ. ಒಬ್ಬ ಶಿಷ್ಯನು ಮೇಳವನ್ನು ನಡಿಸುವನು. ಹ್ಯಾಂಡೆಲನನ್ನು ಕೈಹಿಡಿದು ಆರ್ಗನಿನ ಬಳಿಗೆ ಕರಕೊಂಡು ಬರುವರು. ಅವನು ನೆನಪಿನಿಂದಲೂ ಆ ಗಳಿಗೆಗೆ ಹೊಳೆದಂತೆಯೂ ಬಾರಿಸಿ, ಮುಗಿದ ಮೇಲೆ ಕಾಣದ ಜನರಿಗೆ ಬೊಗ್ಗಿ ವಂದಿಸುವನು. ಕಣ್ಣು ಕೀಳಲ್ಪಟ್ಟ ಸಂಸೋನನು ಬೆಳಕಿಗಾಗಿ ಹಲುಬುವ ಹಾಡು ಬಂದಾಗ, ಅದನ್ನು ರಚಿಸಿದವನೇ ಕುರುಡನಾಗಿ ಪಕ್ಕದಲ್ಲಿ ಕೂತಿರುವದನ್ನು ಕಂಡು ಜನರು ಅತ್ತರೆಂದು ಬರೆದಿದೆ.

1759ರ ಗಾನಕಾಲವನ್ನು ಅವನು ಏಪ್ರಿಲ್ 6ರಲ್ಲಿ ಮೆಸ್ಸೀಯದಿಂದ ಮುಗಿಸಿ ಮನೆಗೆ ಹೋಗಿ ಹಾಸಿಗೆ ಹಿಡಿದನು. ಮರಣಪತ್ರಕ್ಕೆ ಕಡೆಯ ಮಾತುಗಳನ್ನು ಸೇರಿಸಿ, ಬಡ ಸಂಗೀತಗಾರರ ನಿಧಿಗೆ 1000 ಪೌಂಡು ಬಿಟ್ಟನು; ಮೆಸ್ಸೀಯದ ಒಂದು ಶುದ್ಧಪ್ರತಿಯನ್ನೂ ವಾದ್ಯಗಾರರ ಎಲ್ಲಾ ಹಾಳೆಗಳನ್ನೂ ಅನಾಥಾಶ್ರಮಕ್ಕೆ ಕೊಡಬೇಕೆಂದು ಎರಡು ವರುಷ ಮೊದಲೇ ಬರೆಯಿಸಿದ್ದನು. ಏಪ್ರಿಲ್ 14ನೆಯ ತಾರೀಖು ಶನಿವಾರ, ಈಸ್ಟರ್ ಹಬ್ಬದ ಹಿಂದಿನ ಬೆಳಿಗ್ಗೆ, ಬ್ರೂಕ್ ಬೀದಿಯ ಅದೇ ಮನೆಯಲ್ಲಿ ತೀರಿಕೊಂಡನು. ವೆಸ್ಟ್‌ಮಿನ್‌ಸ್ಟರ್ ಮಹಾದೇವಾಲಯದಲ್ಲಿ ಅವನನ್ನು ಹೂಣಿಡುವಾಗ ಸುಮಾರು 3000 ಮಂದಿ ಕೂಡಿದ್ದರು.

ಅವನ ತರುವಾಯ ಮೆಸ್ಸೀಯವನ್ನು ನೂರಾರು, ಸಾವಿರಾರು ಮಂದಿ ಒಟ್ಟಿಗೆ ಹಾಡುವ ವಾಡಿಕೆ ಬಂತು. ಅಮೇರಿಕದ ಬಾಸ್ಟನ್ ಪಟ್ಟಣದ ಹ್ಯಾಂಡೆಲ್ ಮತ್ತು ಹೈಡನ್ ಸಂಘದವರು 1854ರಿಂದ ಅದನ್ನು ವರುಷ ತಪ್ಪದೆ ಹಾಡುತ್ತಾ ಬಂದಿದ್ದಾರೆ. ಆ ಮೇಲೆ 1970ರ ದಶಕದಿಂದ ಬರೋಕ್ ವಾದ್ಯಮೇಳಗಳವರು ಹಳೆಯ ವಾದ್ಯಗಳನ್ನೂ ಚಿಕ್ಕ ಮಂಡಲಿಯನ್ನೂ ತಿರಿಗಿ ತಂದರು. 1980ರಲ್ಲಿ ಲಂಡನಿನ ಅಂಥ ಮೇಳವೊಂದು ಅನಾಥಾಶ್ರಮದ 1754ರ ಕ್ರಮದಂತೆಯೇ ಅದನ್ನು ಧ್ವನಿಮುದ್ರಿಸಿ ಪ್ರಕಟಿಸಿತು. ಮುಂದಿನ ಗಾನಕಾಲಕ್ಕೂ ಎಲ್ಲಿಯೋ ಒಂದು ಮೇಳದವರು ಕರುಳಿನ ತಂತಿಗಳನ್ನು ಬಿಗಿದು, ದಿನವನ್ನು ಗೊತ್ತುಮಾಡಿ, ಪಟ್ಟಿಯಲ್ಲಿ ಆ ಹೆಸರನ್ನು ಬರೆಯುವರು.

ಹ್ಯಾಂಡೆಲನು ಲಾಭಕ್ಕಾಗಿ ಕಟ್ಟಿದ ಗಾನನಾಟಕಗಳು ಅವನ ಕಣ್ಣ ಮುಂದೆಯೇ ಬಿದ್ದುಹೋಗಿ, ಅವನು ಸತ್ತ ಮೇಲೆ ನೂರೈವತ್ತು ವರುಷಕ್ಕಿಂತ ಹೆಚ್ಚು ಕಾಲ ಬಹುಮಟ್ಟಿಗೆ ಮರೆತುಹೋಗಿದ್ದವು. ಸೆರೆಯವರಿಗೂ ರೋಗಿಗಳಿಗೂ ತಾಯಿತಂದೆಯಿಲ್ಲದ ಮಕ್ಕಳಿಗೂ ಕೊಟ್ಟುಬಿಟ್ಟ ಒಂದು ಕೃತಿಯು ಒಂದು ವರುಷವೂ ಮರೆಯಾಗಲಿಲ್ಲ. ಹೋದ ವರುಷದ ಬೆಳೆ ಕೆಟ್ಟುಹೋದವನು ಬರುವ ವರುಷಕ್ಕೆ ಬಿತ್ತಬೇಕೋ ಬೇಡವೋ ಎಂದು ಕಣದ ಅಂಚಿನಲ್ಲಿ ಕುಳಿತು ಯೋಚಿಸುವಾಗ, ಬಲಗೈ ಬಿದ್ದ ಮೇಲೆಯೂ ಕಣ್ಣು ಹೋದ ಮೇಲೆಯೂ ಮುಂದಿನ ಗಾನಕಾಲಕ್ಕೆ ಸಿದ್ಧವಾಗುತ್ತಿದ್ದ ಈ ಮುದುಕನನ್ನು ನೆನಸಿಕೊಳ್ಳಲಿ.